ಅಕ್ಕನ ಪಾಲಿನ ಅರಿಶಿನ

ನನಗಿಂತ ಮೊದಲು ಅವ್ವನಿಗೆ ಒಂದು ಹೆಣ್ಣು ಕೂಸು ಹುಟ್ಟಿತ್ತು. ಒಂಬತ್ತು ದಿನ ಬದುಕಿತ್ತು. ತೊಟ್ಟಿಲಿಗೆ ಹಾಕುವ ದಿನ ಇನ್ನೂ ಬಂದಿರಲಿಲ್ಲವಾದ್ದರಿಂದ ಅದಕ್ಕೆ ಹೆಸರಿರಲಿಲ್ಲ. ಹುಟ್ಟಿದ್ದೂ ಹೋದದ್ದೂ ನಮ್ಮೂರು ನಿಂಬರ್ಗಾದಲ್ಲಲ್ಲ, ಕಲಬುರ್ಗಿಯ ಕೋಟೆಯೊಳಗೆ.

ಮದುವೆಯಾದ ಹೊಸದರಲ್ಲಿ ಅಪ್ಪ ಕಲಬುರ್ಗಿಯ ಬಟ್ಟೆ ಗಿರಣಿಗೆ ಕೂಲಿಗೆ ಹೋಗಿದ್ದನಂತೆ. ಊರೊಳಗೆ ಮನೆ ಹಿಡಿಯುವ ಶಕ್ತಿ ಇರಲಿಲ್ಲ. ಕೋಟೆಯ ಗೋಡೆಗೆ ಅಂಟಿಕೊಂಡು ಹಳೆಯ ಕಮಾನಿನ ಗೂಡುಗಳಿದ್ದವು. ಹಿಂದೆ ಯಾವಾಗಲೋ ಸಿಪಾಯಿಗಳೋ ಕುದುರೆಗಳೋ ಇದ್ದ ಜಾಗ. ಅಂಥ ಒಂದು ಗೂಡಿಗೆ ತಟ್ಟಿ ಕಟ್ಟಿಕೊಂಡು ಇಬ್ಬರೂ ಒಂದು ವರ್ಷ ಇದ್ದರು. ಕೂಸು ಹೋದ ತಿಂಗಳೊಳಗೆ ಊರಿಗೆ ಮರಳಿದರು. ಆಮೇಲೆ ಅವ್ವ ಹದಿನೆಂಟು ವರ್ಷ ಕಲಬುರ್ಗಿಯ ಕಡೆ ಮುಖ ಹಾಕಿರಲಿಲ್ಲ. ಅಪ್ಪ ಆ ಮಾತನ್ನೇ ಎತ್ತಗೊಡುತ್ತಿರಲಿಲ್ಲ. ನನ್ನ ಮದುವೆ ಗೊತ್ತಾಗುವ ಹೊತ್ತಿಗೆ ಅಪ್ಪನೂ ಇರಲಿಲ್ಲ.

ನಮ್ಮ ಮನೆತನದಲ್ಲಿ ಒಂದು ಪದ್ಧತಿ. ಮದುವೆಯಾಗದೆ ತೀರಿಕೊಂಡ ಅಕ್ಕನಿದ್ದರೆ, ತಂಗಿಯ ಮೈಗೆ ಅರಿಶಿನ ತಾಗುವ ಮೊದಲು ಅಕ್ಕನನ್ನು ಹೂಳಿದ ನೆಲಕ್ಕೆ ತಾಗಬೇಕು. ಹಿರಿಯಳ ಪಾಲು ಕೊಡದೆ ಕಿರಿಯಳಿಗೆ ಹಚ್ಚಿದರೆ ಅದು ಕಸಿದುಕೊಂಡಂತೆ ಎನ್ನುತ್ತಿದ್ದರು. ಒಂಬತ್ತು ದಿನದ ಕೂಸಿಗೂ ಈ ಪದ್ಧತಿ ಸಲ್ಲುತ್ತದೆಯೇ ಎಂದು ಊರಿನ ಮುದುಕಿಯರಲ್ಲೇ ವಾದವಾಯಿತು. ಅವ್ವ ವಾದ ಮಾಡಲಿಲ್ಲ. ಅರಿಶಿನ ಕುಟ್ಟಿದ ದಿನ ಒರಳಿನಿಂದ ಮೊದಲ ಹಿಡಿಯನ್ನು ತೆಗೆದು ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿದಳು. "ಇನ್ನ ಮೂರು ದಿನಕ್ಕ ನಿನಗ ಹಚ್ಚಬೇಕು. ಅದಕ್ಕಿಂತ ಮದಲ ಆಕೀದು ಮುಗಿಸಿ ಬರ್ಬೇಕು" ಎಂದಳು. ಅಷ್ಟೇ.

ಅದು ಯುದ್ಧ ನಡೆದಿದ್ದ ಕಾಲ. ಸೀಮೆಎಣ್ಣೆಗೂ ಸಕ್ಕರೆಗೂ ಜನ ಸಾಲು ನಿಲ್ಲುತ್ತಿದ್ದರು. ಮೋಟಾರು ನಂಬಿ ಹೊರಡುವಂತಿರಲಿಲ್ಲ. ನೆರೆಮನೆಯ ಮಾಮಾ ತೊಗರಿ ಚೀಲಗಳನ್ನು ಗಾಡಿಗೆ ಹೇರಿಕೊಂಡು ಕಲಬುರ್ಗಿಯ ಅಡತಿ ಅಂಗಡಿಗೆ ಮಾರಲು ಹೊರಟಿದ್ದ. ಅದೇ ರಾತ್ರಿ ನಾವು ಆ ಗಾಡಿಯನ್ನೇ ಹತ್ತಿದೆವು.

"ನಿಶ್ಚೆ ಆದ ಹುಡುಗಿ ಸೀಮಿ ದಾಟಬಾರದು ಅಂತಾರವಾ," ಎಂದು ಮಾಮಾ ದಾರಿಯುದ್ದಕ್ಕೂ ನನ್ನನ್ನು ಕಾಡಿಸಿದ. "ನಿಮ್ಮವ್ವ ನಿನ್ನ ತೊಗರಿ ಚೀಲದ ಮ್ಯಾಲೆ ಕುಂದ್ರಿಸಿಕೊಂಡು ಹೊಂಟಾಳ. ಅಡತ್ಯಾಗ ಚೀಲದ ಜೊತಿಗೆ ನಿನ್ನೂ ತೂಗಿ ಬಿಡ್ತಾರ. ನೆಲೋಗಿ ಬೀಗರಿಗೆ ನಾ ಏನು ಹೇಳ್ಲಿ?"

"ಬಾಯಿ ಸುಮ್ಮನ ಇಟ್ಟು ಎತ್ತು ಹೊಡಿಯಣ್ಣಾ," ಎಂದಳು ಅವ್ವ.

"ಎತ್ತೂ ಇದನ್ನೇ ಕೇಳಾಕತ್ತಾವ ತಂಗೀ, ನಾ ಬರೀ ತಿಳಿಸಿ ಹೇಳಾಕತ್ತೀನಿ."

ನಾನು ನಗುತ್ತಿದ್ದೆ. ಹೇಳಬೇಕಾದದ್ದನ್ನು ಹೇಳಿಬಿಡುತ್ತೇನೆ: ಆ ದಿನ ನಾನು ಅಕ್ಕನಿಗಾಗಿ ಹೊರಟಿರಲಿಲ್ಲ. ಹದಿನೈದರ ಹುಡುಗಿಗೆ ಕಲಬುರ್ಗಿ ನೋಡುವ ಆಸೆ. ಪೇಟೆಯ ಗಾಜಿನ ಬಳೆ, ಕೋಟೆಯ ಮೇಲಿನ ಉದ್ದನೆಯ ಫಿರಂಗಿ ತೋಪು, ಇಷ್ಟೇ ನನ್ನ ತಲೆಯಲ್ಲಿ ಇದ್ದದ್ದು. ತೋಪಿನ ಬಾಯೊಳಗೆ ಮನುಷ್ಯರು ಕೂತುಕೊಳ್ಳಬಹುದೆಂದು ಯಾರೋ ಹೇಳಿದ್ದರು.

ಮಾಮಾ ನಮ್ಮನ್ನು ಕೋಟೆಯ ಮುಂದೆ ಇಳಿಸಿದಾಗ ಮಧ್ಯಾಹ್ನ ಕಳೆದಿತ್ತು. "ಹೊತ್ತು ಮುಣಗೂದ್ರಾಗ ಇಲ್ಲೇ ಬರ್ರಿ. ಇವತ್ತ ಹೊಂಡದಿದ್ರ ನಾಡದ ಅರಿಶಿಣಕ್ಕ ಮದುಮಗಳೇ ಇರೂದಿಲ್ಲ" ಎಂದು ಅಡತಿಯ ಕಡೆ ಗಾಡಿ ತಿರುಗಿಸಿದ. ಊರು ಅಲ್ಲಿಗೆ ಮುಗಿಯುತ್ತಿತ್ತು. ಒಂದು ಕಡೆ ಮನೆಗಳು, ಇನ್ನೊಂದು ಕಡೆ ಕಪ್ಪು ಗೋಡೆ, ನಡುವೆ ಕಂದಕ. ಕಂದಕದ ಹಸಿರು ನೀರಿನಲ್ಲಿ ಎಮ್ಮೆಗಳು ಮೂಗಷ್ಟೇ ಮೇಲೆ ಇಟ್ಟುಕೊಂಡು ಮಲಗಿದ್ದವು. ಗೋಡೆಯ ಬಿರುಕುಗಳಲ್ಲಿ ಅರಳಿ ಸಸಿ ಬೆಳೆದು, ಬೇರುಗಳು ಕಲ್ಲುಗಳನ್ನು ಒಂದೊಂದಾಗಿ ಹೊರಗೆ ನೂಕಿದ್ದವು. ಬಾಗಿಲಿನ ಹಲಗೆಗಳ ಮೇಲೆ ಆನೆ ಗುದ್ದದಂತೆ ಹೊಡೆದ ಕಬ್ಬಿಣದ ಮೊಳೆಗಳು ನನ್ನ ಕೈಯಷ್ಟು ಉದ್ದವಿದ್ದವು. ನಾನು ಒಂದನ್ನು ಮುಟ್ಟಿದೆ. ಅವ್ವ ನಿಲ್ಲಲಿಲ್ಲ.

ಒಳಗೆ ದೊಡ್ಡ ಮಸೀದಿಯ ಗುಮ್ಮಟಗಳು ಕಂಡವು. ಎತ್ತರದ ಕಟ್ಟಡದ ಮೇಲೆ ತೋಪೂ ಕಂಡಿತು. "ಅವ್ವಾ, ಅಲ್ಲಿ" ಎಂದೆ. "ಆಮ್ಯಾಲೆ" ಎಂದು ಅವ್ವ ಗೋಡೆಯ ಬದಿಯಲ್ಲೇ ನಡೆದಳು. ಹದಿನೆಂಟು ವರ್ಷದ ಮೇಲೂ ಆಕೆ ಯಾರನ್ನೂ ದಾರಿ ಕೇಳಲಿಲ್ಲ. ಕಮಾನುಗಳನ್ನು ಎಣಿಸುತ್ತ ಹೋಗಿ ಆರನೆಯದರ ಮುಂದೆ ನಿಂತಳು. ಒಳಗೆ ಆಡಿನ ಹಿಕ್ಕೆ, ಮುರಿದ ಒಂದು ಮಡಕೆ. ಅವ್ವ ಬಗ್ಗಿ ಒಳಗೆ ನೋಡಿದಳು, ಹೋಗಲಿಲ್ಲ. ಹೊಸ್ತಿಲಿನಂತಿದ್ದ ಕಲ್ಲಿನ ಮೇಲೆ ತೆಂಕಣಕ್ಕೆ ಮುಖ ಮಾಡಿ ಕೂತಳು. ಸ್ವಲ್ಪ ಸರಿದಳು, ಮತ್ತೆ ಸರಿದಳು. ಸರಿಯಾದ ಜಾಗ ಸಿಕ್ಕಿತೆಂದು ತೋರಿದ ಮೇಲೆ ಮಾತಾಡಿದಳು.

"ಇಲ್ಲೇ ಕುಂತಿದ್ದೆ. ನಿಮ್ಮಪ್ಪ ಅರಿವ್ಯಾಗ ಸುತ್ತಿಕೊಂಡು ಹೋದ. ಹಸಿಮೈ, ನೀ ಬರಬ್ಯಾಡ ಅಂದ. ಅಲ್ಲಿ ನೋಡು, ಆ ಬುರುಜಿನ ಮುಂದ ಆಗ ಬರೇ ಬಯಲು, ಅಲ್ಲೊಂದು ಇಲ್ಲೊಂದು ಜಾಲಿ ಕಂಟಿ. ಅಲ್ಲಿ ಬಗ್ಗಿದ. ಭಾಳ ಹೊತ್ತು ಬಗ್ಗೇ ಇದ್ದ. ಎದ್ದು ನಿಂದ್ರೂದಕ್ಕೂ ಗಿರಣಿ ಭೋಂಗಾ ಆಗೂದಕ್ಕೂ ಒಂದಾತು. ಬುರುಜಿನ ನೆರಳಿನ ತುದಿ ಅವನ ಕಾಲಾಗ ಇತ್ತು."

ಆಕೆಯ ಬಳಿ ಇದ್ದ ಗುರುತು ಇದೊಂದೇ. ಅಪ್ಪ ಒಂದು ಕಲ್ಲು ಇಟ್ಟಿದ್ದನಂತೆ. ಆದರೆ ಕೋಟೆಯ ತುಂಬ ಉರುಳಿದ ಕಲ್ಲುಗಳೇ ಇದ್ದವು.

ಪಾಳಿ ಬಿಡುವಾಗ ಗಿರಣಿ ಊದುವ ಆ ಭೋಂಗಾ ಆಗುವುದನ್ನು ಕಾಯುತ್ತ ನಾವು ಕೂತೆವು. ಬುರುಜು ಪಡುವಣ ಗೋಡೆಯಲ್ಲಿತ್ತು. ಅದರ ನೆರಳು ನೆಲಕ್ಕಿಳಿದು ನಮ್ಮ ಎದುರಿಗೆ ನಿಧಾನವಾಗಿ ಉದ್ದವಾಗುತ್ತಿತ್ತು. ಅವ್ವ ರೊಟ್ಟಿ ಬಿಚ್ಚಿ ನನಗೆ ಕೊಟ್ಟಳು, ತಾನು ಮುಟ್ಟಲಿಲ್ಲ. ಬದಲಿಗೆ ಎದ್ದು ನೆರಳಿನ ಬದಿಗೆ ಹೋಗಿ ಹೆಜ್ಜೆ ಹಾಕಿ ಬಂದಳು.

"ಆಗ ಬ್ಯಾಸಗಿ. ಹೊತ್ತು ಬಡಗಣಕ್ಕ ಸರದು ಮುಣಗತಿತ್ತು, ನೆರಳು ತೆಂಕಣಕ್ಕ ವಾಲ್ತಿತ್ತು. ಈಗ ಮಾಘ. ತುದಿ ಎಲ್ಲಿ ಬೀಳ್ತದೋ ಅಲ್ಲಿಂದ ಇಪ್ಪತ್ತು ಹೆಜ್ಜಿ ಆ ಕಡಿ ಹಿಡೀಬೇಕು."

ಗಡಿಯಾರ ನೋಡಲು ಬರದ ನನ್ನ ಅವ್ವ ಕಳೆ ಕೀಳುತ್ತ, ರಾಶಿ ತೂರುತ್ತ, ನೆರಳು ಯಾವ ತಿಂಗಳಲ್ಲಿ ಎತ್ತ ವಾಲುತ್ತದೆಂದು ಮೈಗೆ ಹತ್ತಿಸಿಕೊಂಡವಳು. ಬೇಸಿಗೆಗೂ ಮಾಘಕ್ಕೂ ಇರುವ ಅಂತರ ಎಷ್ಟು ಹೆಜ್ಜೆ ಎಂದು ಲೆಕ್ಕ ಹಾಕಿ ಬಂದಿದ್ದಳು. ನಾನು ರೊಟ್ಟಿ ತಿಂದೆ. ನೆರಳು ತೆಂಕಣದ ಬದಿಗಿದ್ದ ಒಂದು ಬಂಡೆಗಲ್ಲಿನ ನೇರವನ್ನು ದಾಟಿತು. ಅದರಾಚೆಯ ಬೇವಿನ ಮರದ ನೇರಕ್ಕೆ ಬಂತು, ಅದನ್ನೂ ದಾಟಿತು. ಭೋಂಗಾ ಆಗಲಿಲ್ಲ.

"ಇವತ್ತ ಗಿರಣಿ ಸೂಟಿ ಇರಬೇಕು," ಎಂದೆ.

"ಸೂಟಿ ಇದ್ರೂ ಭೋಂಗಾ ಹೊಡೀತಿದ್ರು," ಎಂದಳು ಅವ್ವ. ಆದರೆ ಆಕೆಯ ಕೈ ಮಡಿಲಿನ ಗಂಟನ್ನು ಬಿಟ್ಟು ಬಿಟ್ಟು ಹಿಡಿಯುತ್ತಿತ್ತು.

ಬೇವಿನ ಮರದಾಚೆ ಒಂದು ಸಾಲು ಮನೆಗಳಿದ್ದವು. ಕೋಟೆಯದೇ ಕಲ್ಲನ್ನು ಮಣ್ಣಿನಲ್ಲಿ ಕೂಡಿಸಿ ಕಟ್ಟಿದ ಗಿಡ್ಡ ಮನೆಗಳು. ಅವ್ವನ ಕಾಲದಲ್ಲಿ ಇರಲಿಲ್ಲವಂತೆ. ನೆರಳು ಮೊದಲನೆಯ ಮನೆಯ ಗೋಡೆಗೆ ಹೋಗಿ ತಾಗಿತು. ತಾಗಿ, ನೆಲ ಮುಗಿದದ್ದರಿಂದ, ಗೋಡೆ ಹತ್ತತೊಡಗಿತು. ಅದು ಆಳೆತ್ತರಕ್ಕೆ ಬಂದಾಗ ಊರ ಕಡೆಯಿಂದ ಭೋಂಗಾ ಕೇಳಿತು. ಬಹಳ ಹೊತ್ತು ಕೂಗಿತು.

ಅವ್ವ ಎದ್ದಳು. ಮನೆಯ ತನಕ ನಡೆದಳು. ಅಲ್ಲಿಂದ ತೆಂಕಣಕ್ಕೆ ಇಪ್ಪತ್ತು ಹೆಜ್ಜೆ ಬಾಯಲ್ಲೇ ಎಣಿಸಿದಳು. ಇಪ್ಪತ್ತನೆಯ ಹೆಜ್ಜೆಗೂ ಎದುರಿಗೆ ಮನೆಯ ಗೋಡೆಯೇ. ಆಕೆ ಕುಕ್ಕರುಗಾಲಲ್ಲಿ ಕೂತು, ಗೋಡೆ ನೆಲಕ್ಕೆ ಸೇರುವಲ್ಲಿ ಅಂಗೈ ಇಟ್ಟಳು. ಸಗಣಿ ಸಾರಿಸಿದ ನೆಲ. ಮೊದಲು ಇಲ್ಲಿ, ಆಮೇಲೆ ಒಂದು ಗೇಣು ಆಚೆ, ಮತ್ತೊಂದು ಗೇಣು ಆಚೆ. ಕತ್ತಲ ಕೋಣೆಯಲ್ಲಿ ಮಲಗಿದ ಮಗುವನ್ನು ತಡವಿ ಹುಡುಕುವಂತೆ ಇಡೀ ಗೋಡೆಯ ಉದ್ದ ಹುಡುಕಿದಳು. ಅಳಲಿಲ್ಲ. ಅತ್ತಿದ್ದರೆ ನನಗೆ ಅಷ್ಟು ಹೆದರಿಕೆಯಾಗುತ್ತಿರಲಿಲ್ಲ.

"ಮ್ಯಾಲೆ ಮನಿ ಕಟ್ಯಾರ," ಎಂದಳು. ನನಗೆ ಹೇಳಿದ್ದಲ್ಲ ಅದು.

ನನಗೆ ಹೆದರಿಕೆ ಸಿಟ್ಟಾಗಿ ಬಂತು. ಹೊತ್ತು ಇಳಿಯುತ್ತಿತ್ತು, ಮಾಮಾ ಕಾಯುತ್ತಿದ್ದ, ತೋಪು ನೋಡಲಿಲ್ಲ, ಬಳೆ ಕೊಳ್ಳಲಿಲ್ಲ. "ಒಂಬತ್ತು ದಿನದ ಕೂಸಿಗೆ ಎದರ ಅರಿಶಿಣ? ಎಲ್ಲ್ಯಾರ ಒಂದು ಚಿಟಿಕಿ ಹಾಕು, ಹೋಗೂಣು ನಡಿ" ಎಂದೆ.

ಅವ್ವ ತಿರುಗಿ ನೋಡಿದಳು. ಬೈಯಲಿಲ್ಲ. "ಎಲ್ಲ್ಯಾರ ಹಾಕಿದ್ರ ನೆಲಕ್ಕ ಹಾಕಿದಂಗ ಆಗ್ತದ ಮಗಳ. ಆಕಿಗೆ ಹಾಕಿದಂಗ ಆಗೂದಿಲ್ಲ" ಎಂದಳು. ಎಷ್ಟೋ ವರ್ಷ ನಾನು ಆ ನನ್ನ ಮಾತನ್ನು ಯಾರಿಗೂ ಹೇಳಿರಲಿಲ್ಲ.

ಅಷ್ಟರಲ್ಲಿ ಮನೆಯೊಳಗಿನಿಂದ ಒಬ್ಬ ಮುಸಲ್ಮಾನ ಮುದುಕಿ ಹೊರಗೆ ಬಂದಳು. ಕೈಯೆಲ್ಲ ಹಿಟ್ಟು. "ಯಾರಮ್ಮಾ? ಕ್ಯಾ ಹೋನಾ, ಏನು ಬೇಕು? ನಮ್ಮ ಗ್ವಾಡಿ ಯಾಕ ತಡವಾಕತ್ತೀ, ಬೀಳ್ತದಂತ ನಮ್ಮ ಸೊಸಿ ಏನಾರ ಹೇಳಿ ಕಳಿಸ್ಯಾಳೇನು?"

"ಇಲ್ಲ ಬೂಬಮ್ಮ," ಎಂದು ಅವ್ವ ಎದ್ದು ನಿಂತಳು. "ಈ ಮನಿ ಕಟ್ಟಿ ಎಷ್ಟು ವರ್ಷ ಆತ್ರಿ?"

"ನನ್ನ ಮಗ ಕಟ್ಸಿದ್ದು. ನಾಕು ವರ್ಷ. ಅದಕ್ಕೂ ಮದಲ ನಾವು ಆ ಹಿಂದಿನ ಸಾಲಿನ್ಯಾಗ ಇದ್ವಿ. ಯಾಕಮ್ಮಾ?"

"ಪಾಯ ತೋಡುವಾಗ..." ಎಂದು ಅವ್ವ ಕೈ ಮುಂದೆ ಚಾಚಿದಳು. ಹಸ್ತದಿಂದ ಮೊಳಕೈ ತನಕ ಅಳತೆ ತೋರಿಸಿದಳು. ಇಷ್ಟು ಎಂದು.

ಮುದುಕಿ ಆ ಅಳತೆಯನ್ನು ನೋಡಿದಳು. ಹಿಟ್ಟಿನ ಕೈಯಿಂದಲೇ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ನೆಲದ ಮೇಲೆ ಕೂತಳು. ಅವ್ವನನ್ನೂ ಕೂರಿಸಿದಳು. "ಏನೂ ಸಿಗಲಿಲ್ಲಮ್ಮಾ. ನಾ ನಿಂತು ನೋಡೀನಿ. ಬರೇ ಕಲ್ಲು. ಯಾವಾಗ ನಿಂದು?"

ಅವ್ವ ಎಲ್ಲ ಹೇಳಿದಳು. ಆರನೆಯ ಕಮಾನು, ಬೇಸಿಗೆ, ಬುರುಜಿನ ನೆರಳು, ಭೋಂಗಾ. ಭೋಂಗಾ ಎಂಬ ಮಾತು ಬಂದಾಗ ಮುದುಕಿ ಕೈ ಅಡ್ಡ ಹಿಡಿದಳು.

"ಹಾಂ, ತಡಿ ತಡಿ. ಯಾವ ಭೋಂಗಾ? ಈಗ ಆತಲ್ಲ, ಅದಾ?"

"ಹೌದ್ರಿ. ಸಂಜೀದು."

"ಅರೇ ಹುಚ್ಚಿ, ಅದು ಆ ಭೋಂಗಾ ಅಲ್ಲ! ಈಗ ಫೌಜಿನ ಬಟ್ಟಿ ನೇಯಾಕತ್ತಾರ. ಲಡಾಯಿ ಸುರು ಆದಾಗಿಂದ ಮಂದೀನ್ನ ತಾಸು ಹೆಚ್ಚಿಗಿ ನಿಂದ್ರಿಸ್ಕೊಂತಾರ. ಮದಲಿನ ಭೋಂಗಾ ಆಗಿದ್ರ ಆವಾಗ್ಲೇ ಆಗಬೇಕಿತ್ತು, ನೆರಳು ಅಲ್ಲಿ ಇದ್ದಾಗ."

ಅವ್ವ ಆಕೆಯನ್ನೇ ನೋಡಿದಳು. ಹೊಲದಲ್ಲಿ ಹೊತ್ತು ಸರಿಯುತ್ತದೆಂದು ಗೊತ್ತಿದ್ದವಳಿಗೆ ಭೋಂಗಾ ಸರಿಯುತ್ತದೆಂದು ಗೊತ್ತಿರಲಿಲ್ಲ. ಸೂರ್ಯನಿಗೆ ಇಪ್ಪತ್ತು ಹೆಜ್ಜೆ ಬಿಟ್ಟುಕೊಟ್ಟಿದ್ದಳು; ಗಿರಣಿ ಮಾತ್ರ ಹದಿನೆಂಟು ವರ್ಷ ಕಲ್ಲಿನಂತೆ ನಿಂತಿರುತ್ತದೆಂದು ನಂಬಿದ್ದಳು.

"ಹಂಗಾದ್ರ ಮನಿ ಕೆಳಗ ಇಲ್ಲ," ಎಂದಳು ನಿಧಾನವಾಗಿ.

"ಇಲ್ಲಮ್ಮಾ. ಇಲ್ಲೇ ಇಲ್ಲ."

ಅವ್ವನ ಭುಜಗಳು ಇಳಿದದ್ದನ್ನು ನಾನು ನೋಡಿದೆ. ಮರುಕ್ಷಣವೇ ಅವು ಮತ್ತೆ ಬಿಗಿದವು. ಮನೆಯ ಕೆಳಗೆ ಇಲ್ಲ, ಸರಿ. ಮತ್ತೆ ಎಲ್ಲಿ? ಹಳೆಯ ಭೋಂಗಾದ ಹೊತ್ತಿನ ನೆರಳು ಆಗಲೇ ಹೋಗಿಬಿಟ್ಟಿತ್ತು. ಅದನ್ನು ಕಾಯಬೇಕಾದರೆ ನಾಳೆಯ ತನಕ ಇರಬೇಕು. ಇದ್ದರೂ ಇಂತಿಷ್ಟು ಹೊತ್ತು ಎಂದು ಕೂಗಿ ಹೇಳುವ ಭೋಂಗಾ ಇರಲಿಲ್ಲ.

ಮುದುಕಿ ಅದನ್ನೇ ಯೋಚಿಸುತ್ತಿದ್ದಳೆಂದು ತೋರುತ್ತದೆ. ಎದ್ದು ಬಯಲಿಗೆ ನಡೆದಳು. ನಾವೂ ಹಿಂದೆ ಹೋದೆವು. "ಬ್ಯಾಸಗ್ಯಾಗ ನಾ ಇಲ್ಲಿ ಶ್ಯಾವಿಗಿ ಒಣಗ ಹಾಕ್ತಿದ್ದೆ," ಎಂದಳು. "ಹಗ್ಗದ ಹೊರಸಿನ ಮ್ಯಾಲೆ. ಬುರುಜಿನ ನೆರಳು ಬಂತಂದ್ರ ಶ್ಯಾವಿಗಿ ಮೆತ್ತಗ ಆಗ್ತಾವ. ಅದಕ್ಕ ನೆರಳು ನನ್ನ ಹಿಂದ, ನಾ ಹೊರಸು ಎಳಕೊಂಡು ಮುಂದ. ದಿನಾ ಇದೇ ಜಗಳ, ನನಗೂ ಬುರುಜಿಗೂ. ಭೋಂಗಾ ಆತಂದ್ರ ಸಾಕು, ಇನ್ನ ಎಳಿಯೂದಿಲ್ಲ, ಶ್ಯಾವಿಗಿ ತೆಗದು ಒಳಗ ಒಯ್ತಿದ್ದೆ. ಭೋಂಗಾ ಆಗೂ ಹೊತ್ತಿಗೆ ನನ್ನ ಹೊರಸು ಈ ಬಂಡಿಗಲ್ಲಿಗೂ ಆ ಬೇವಿನ ಬುಡಕ್ಕೂ ನಡುವ ಇರ್ತಿತ್ತು. ಬೇವು ಆಗ ಸಸಿ."

"ನಡುವ ಅಂದ್ರ ಎಲ್ಲಿ ಬೂಬಮ್ಮ? ಆ ದಿನ ಎಲ್ಲಿತ್ತು ಹೊರಸು?"

"ಹದಿನೆಂಟು ವರ್ಷದ ಹಿಂದಿನ ಹೊರಸು ಯಾರಿಗೆ ನೆನಪಿರ್ತದಮ್ಮಾ? ಬ್ಯಾಸಗಿ ಏರಿದಂಗ ನೆರಳು ಒಂದೀಟು ಒಂದೀಟು ಸರೀತಿತ್ತು. ಈ ಕಲ್ಲಿಂದ ಆ ಗಿಡ. ಇಷ್ಟ್ರಾಗ ಎಲ್ಲೋ." ಹೇಳುತ್ತ ಹೇಳುತ್ತ ಆಕೆಯ ದನಿ ಕುಗ್ಗಿತು. "ನನಗ ಗೊತ್ತಿರಲಿಲ್ಲಮ್ಮಾ. ನಾ ಅಲ್ಲೇ ಓಡಾಡೀನಿ. ಹೊರಸು ಎಳದೀನಿ."

ಅವ್ವ ಆಕೆಯ ಹಿಟ್ಟಿನ ಕೈ ಹಿಡಿದುಕೊಂಡಳು. "ಛಲೋ ಆತು ಬಿಡ್ರಿ. ಸುಮ್ಮನ ಬಯಲಾಗ ಬಿದ್ದಾಳ ಅಂತ ತಿಳಕೊಂಡಿದ್ದೆ. ಮಂದಿ ಓಡಾಡು ಜಾಗದಾಗ ಇದ್ದಳಲ್ಲ" ಎಂದಳು.

ನಾನು ಕಲ್ಲಿನಿಂದ ಮರದ ತನಕ ಹೆಜ್ಜೆ ಹಾಕಿದೆ. ಹನ್ನೆರಡು ಹೆಜ್ಜೆ. ಯಾರೂ ನನಗೆ ಹೇಳಿರಲಿಲ್ಲ. ಬಂದು ಅವ್ವನಿಗೆ ಹೇಳಿದೆ. ಆಕೆ ತಲೆಯಾಡಿಸಿ ಗಂಟು ಬಿಚ್ಚಿದಳು. ಅದರಲ್ಲಿದ್ದದ್ದು ಒಂದೇ ಹಿಡಿ. ಒಂದು ಸಣ್ಣ ಜಾಗಕ್ಕೆ ಬಳಿಯಲು ಸಾಕಾಗುವಷ್ಟು. ಹನ್ನೆರಡು ಹೆಜ್ಜೆಗೆ ಸಾಲುತ್ತಿರಲಿಲ್ಲ. ಅವ್ವ ಅಂಗೈಯನ್ನೂ ನೆಲವನ್ನೂ ನೋಡಿದಳು.

ಮುದುಕಿ ಒಳಗೆ ಹೋಗಿ ಒಂದು ಬಟ್ಟಲು ತಂದಳು. ಅಡಿಗೆಯ ಅರಿಶಿನ. ತಂದವಳು ಅನುಮಾನದಿಂದ ನಿಂತಳು. "ನಮ್ಮ ಮನೀದು ನಡೀತದೇನಮ್ಮಾ ನಿಮಗ?"

ಮದುವೆಯ ಅರಿಶಿನಕ್ಕೆ ನಮ್ಮಲ್ಲಿ ಐದು ಜನ ಮುತ್ತೈದೆಯರು ಕುಟ್ಟಬೇಕು, ಹಾಡು ಹೇಳಬೇಕು, ಒರಳಿಗೆ ಕಂಕಣ ಕಟ್ಟಬೇಕು. ಅವ್ವ ಕ್ಷಣಕಾಲ ಮಾತ್ರ ತಡೆದಳು.

"ಆಕಿ ಹುಟ್ಟಿದ್ದು ನಿಮ್ಮ ಓಣ್ಯಾಗ. ನಿಮ್ಮದೂ ಇರ್ಲಿ" ಎಂದು ತನ್ನ ಹಿಡಿಯನ್ನು ಆ ಬಟ್ಟಲಿಗೆ ಸುರಿದು ಬೆರಳಿನಿಂದ ಕಲಸಿದಳು.

ಆಮೇಲೆ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂಡೆಗಲ್ಲಿನ ಬಳಿ ನಿಂತಳು. ಎಡಗೈಯಲ್ಲಿ ಬಟ್ಟಲು. ಬಲಗೈಯ ಮೂರು ಬೆರಳಿನಲ್ಲಿ ಅರಿಶಿನ ಹಿಡಿದು, ಜೋಳದ ಕಾಳನ್ನು ಕೂರಿಗೆಯ ಬಟ್ಟಲಿಗೆ ಬಿಡುವಾಗ ಬೆರಳಾಡಿಸುತ್ತಿದ್ದ ಹಾಗೆಯೇ, ಒಂದೇ ಸಮನೆ ಸಣ್ಣಗೆ ಉದುರಿಸುತ್ತ ನಡೆದಳು. ಬಿತ್ತುವವರು ಹಿಂದೆ ನೋಡುವುದಿಲ್ಲ. ಅವ್ವನೂ ನೋಡಲಿಲ್ಲ. ಬೇವಿನ ಬುಡ ಮುಟ್ಟಿ, ಒಂದು ಗೇಣು ಬದಿಗೆ ಸರಿದು, ಹಿಂದಕ್ಕೆ ಬಂದಳು. ಮತ್ತೆ ಹೋದಳು. ಹೀಗೆ ಆರು ಸಾಲು. ಎಲ್ಲಿಯೂ ಒಂದು ಅಂಗೈಯಷ್ಟು ನೆಲ ಬಿಡಲಿಲ್ಲ. ಕೊನೆಯ ಸಾಲಿನಲ್ಲಿ ಆಕೆಯ ತುಟಿಗಳು ಅಲುಗುತ್ತಿದ್ದವು. ಅರಿಶಿನ ಹಚ್ಚುವ ಹಾಡಿರಬೇಕು, ನನಗೆ ಕೇಳಿಸಲಿಲ್ಲ. ಮುದುಕಿ ಎರಡು ಅಂಗೈ ಮೇಲೆ ಮಾಡಿಕೊಂಡು ತನ್ನ ಪ್ರಾರ್ಥನೆ ಮಾಡುತ್ತಿದ್ದಳು. ಒಂದು ಆಡು ಬಂದು ಮೂಸಿ ಸೀನಿತು. "ಹಟ್!" ಎಂದು ಮುದುಕಿ ಪ್ರಾರ್ಥನೆಯ ನಡುವೆಯೇ ಗದರಿಸಿ, ಮತ್ತೆ ಮುಂದುವರಿಸಿದಳು.

ಹೊತ್ತು ಬುರುಜಿನ ಹಿಂದೆ ಇಳಿದಿತ್ತು. ನೆರಳಿಗೆ ಈಗ ತುದಿಯೇ ಇರಲಿಲ್ಲ. ಬಯಲೆಲ್ಲ ಅದೇ ಆಗಿತ್ತು. ಅವ್ವ ಬಟ್ಟಲಿನ ತಳವನ್ನು ಬೆರಳಿನಿಂದ ಒರೆಸಿದಳು. ನನ್ನ ಮುಂದೆ ಬಂದು ನಿಂತು ಎರಡೂ ಕೆನ್ನೆಗೆ ಹಚ್ಚಿದಳು. ನಾಡಿದ್ದು ಮುತ್ತೈದೆಯರು ಹಚ್ಚಬೇಕಾದದ್ದು.

"ಈಗ ಹಚ್ಚಬಹುದು. ಆಕೀದಾತು," ಎಂದಳು.

ನನಗೆ ಆಗ ಅಳು ಬಂತು. ಅತ್ತರೆ ಅರಿಶಿನ ಹೋಗುತ್ತದೆಂದು ಮುಖ ಮೇಲೆತ್ತಿ ನಿಂತೆ. ಅವ್ವ ನನ್ನ ಗಲ್ಲ ಹಿಡಿದು ಮುಖವನ್ನು ಆಚೆ ಈಚೆ ತಿರುಗಿಸಿ ನೋಡಿದಳು. ನನ್ನ ಹದಿನೈದು ವರ್ಷದಲ್ಲಿ ಆಕೆ ಒಮ್ಮೆಯೂ ಹೇಳದ ಮಾತನ್ನು ಹೇಳಿದಳು.

"ಆಕೀ ಮೂಗು ಇಷ್ಟು ಉದ್ದ ಇರಲಿಲ್ಲ. ಗಿಡ್ಡ ಇತ್ತು, ನಿಮ್ಮಪ್ಪನಂಗ."

"ಕಣ್ಣು?" ಎಂದು ಕೇಳಿದೆ.

"ಕಣ್ಣು ತೆರೀತಿದ್ದಿಲ್ಲವಾ ಭಾಳ. ಹಾಲು ಕುಡಿಯುವಾಗ ಒಂದೇ ಕಣ್ಣು ತೆರದು ನೋಡ್ತಿದ್ಲು, ಕಳ್ಳಿ."

ಮುದುಕಿ ನಕ್ಕಳು. ಅವ್ವನೂ ನಕ್ಕಳು. ನಾನು ಮತ್ತೆ ಕೇಳಿದೆ, ಕೂದಲು ಹೇಗಿತ್ತು, ಅಳುತ್ತಿದ್ದಳೇ, ಯಾರ ಕೈಗೆ ಹೋದರೆ ಸುಮ್ಮನಾಗುತ್ತಿದ್ದಳು. ಅವ್ವ ನಡೆಯುತ್ತಲೇ ಒಂದೊಂದಕ್ಕೂ ಉತ್ತರ ಕೊಟ್ಟಳು. ಕಂದಕದ ಆಚೆ ಮಾಮಾ ಗಾಡಿ ಕಟ್ಟಿಕೊಂಡು ನಿಂತು ಕೂಗಾಡುತ್ತಿದ್ದ. ಅವ್ವ ಅವನಿಗೆ ಕೈ ಎತ್ತಿ, "ನಿಂದ್ರಣ್ಣಾ, ಇನ್ನೂ ಒಂದು ಹೇಳೂದದ ಈಕಿಗೆ" ಎಂದು, ಕೋಟೆಯ ಬಾಗಿಲ ಬಳಿಯೇ ನಿಂತು, ಕೂಸು ಬಿಕ್ಕಿದಾಗ ಅದರ ಎದೆಯ ಮೇಲೆ ಎಷ್ಟು ಮೆಲ್ಲಗೆ ತಟ್ಟುತ್ತಿದ್ದಳೆಂದು ನನ್ನ ಮುಂಗೈ ಮೇಲೆ ಎರಡು ಬೆರಳಿನಿಂದ ತಟ್ಟಿ ತೋರಿಸಿದಳು.